ಮದುವೆಗೆ ಎರಡು ಯಾದಿ

ಬೆಳಗಾವಿ ಸೀಮೆಯಲ್ಲಿ ಮದುವೆ ಗಟ್ಟಿಯಾಯಿತು ಎನ್ನಬೇಕಾದರೆ ಯಾದಿ ಆಗಿರಬೇಕು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಅಕ್ಷರ ಚಂದ ಇರುವ ಒಬ್ಬರ ಕೈಗೆ ಕಾಗದ ಕೊಟ್ಟು, ಮೇಲೆ ಶ್ರೀಕಾರ ಬರೆಸಿ, ಅರಿಶಿಣ ಕುಂಕುಮ ಹಚ್ಚುತ್ತಾರೆ. ಮದುವೆ ಯಾರ ಊರಲ್ಲಿ, ಊಟ ಯಾರದು, ವಾಜಂತ್ರಿ ಯಾರದು, ಜವಳಿ ಯಾರದು ಎಂಬುದೆಲ್ಲ ಸಾಲಾಗಿ ಕಾಗದಕ್ಕೆ ಇಳಿಯುತ್ತದೆ. ಎರಡು ಪ್ರತಿ, ಎರಡರ ಮೇಲೂ ಸಹಿ. ಆಮೇಲೆ ಎಲ್ಲರ ಬಾಯಿಗೆ ಸಕ್ಕರೆ. ‘ಯಾದಿ ಆತು’ ಅಂದರೆ ಇನ್ನು ಮಾತು ಬದಲಾಗುವುದಿಲ್ಲ ಎಂದರ್ಥ.

ಬೀಗರಾಗುವವರ ಜೊತೆ ಇಷ್ಟು ಜಾಗ್ರತೆ ಮಾಡುವ ನಾವು, ಅಡಿಗೆಯವರ ಜೊತೆ, ಹಂದರದವರ ಜೊತೆ, ಫೋಟೊದವರ ಜೊತೆ ಮಾತ್ರ ಫೋನಿನಲ್ಲೇ ಮಾತು ಮುಗಿಸಿ ಮುಂಗಡ ಕಳಿಸಿಬಿಡುತ್ತೇವೆ. ಖಾನಾಪುರದಲ್ಲಿ ನನ್ನ ತಂಗಿಯ ಮದುವೆ ಆದಾಗ ನಮ್ಮ ಮನೆಯಲ್ಲೂ ಹೀಗೇ ಆಯಿತು. ಸಂಜೆ ಲೆಕ್ಕಕ್ಕೆ ಕೂತಾಗ ಊಟದ ಎಲೆ ನಮ್ಮ ಎಣಿಕೆಗೆ 520, ಅಡಿಗೆಯವರ ಎಣಿಕೆಗೆ 640. ಎಣಿಸಲು ನಾವು ಯಾರನ್ನೂ ನಿಲ್ಲಿಸಿರಲಿಲ್ಲ, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಬೀಗರ ಮುಂದೆ ಜಗಳ ಬೇಡವೆಂದು ಅಪ್ಪ ಕೇಳಿದಷ್ಟೂ ಕೊಟ್ಟರು. ಅಂದಿನಿಂದ ನಾನು ಮದುವೆ ತೆಗೆದವರಿಗೆಲ್ಲ ಹೇಳುವ ಮಾತು ಒಂದೇ: ಯಾದಿ ಎರಡು ಬೇಕು. ಒಂದು ಬೀಗರ ಜೊತೆ, ಇನ್ನೊಂದು ಕೆಲಸದವರ ಜೊತೆ.

ನಮ್ಮ ಅಜ್ಜಂದಿರಿಗೆ ಎರಡನೆಯ ಯಾದಿಯ ಗರಜು ಇರಲಿಲ್ಲ. ಗಡಿಗೆ ತರುವ ಕುಂಬಾರ, ಹಂದರದ ಕಂಬ ನೆಡುವ ಬಡಿಗ, ಹೂ ಕಟ್ಟುವ ಹೂಗಾರ, ಬಳೆ ಇಡಿಸುವ ಬಳೆಗಾರ ಎಲ್ಲರೂ ಊರವರೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು, ಅಂದರೆ ಆಯ, ಒಯ್ಯುವವರು ಮದುವೆಯಲ್ಲಿ ಕೈಕೊಡುವಂತಿರಲಿಲ್ಲ. ಅವರಿಗೆ ಮೋಸ ಮಾಡಿದ ಗೌಡರ ಮನೆಯೂ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ಆ ನಂಟು ಇಂದು ಕಡಿದಿದೆ. ಅದರ ಜಾಗದಲ್ಲಿ ಬರಹ ನಿಲ್ಲಬೇಕು.

ದಿನ ಹಿಡಿಯುವ ಮುನ್ನ

ತುಳಸಿ ಲಗ್ನ ಮುಗಿದ ಮೇಲೆ ನಮ್ಮಲ್ಲಿ ಮುಹೂರ್ತಗಳು ತೆರೆಯುತ್ತವೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಹೊಕ್ಕರೆ ಸಂಕ್ರಾಂತಿಯವರೆಗೆ ನಿಲ್ಲುತ್ತವೆ. ಅಂದರೆ ಸಿಗುವುದು ಕೆಲವೇ ವಾರ. ಅದೇ ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನವೂ ನಡೆಯುತ್ತದೆ. ಶಾಸಕರು, ಅಧಿಕಾರಿಗಳು, ಪೊಲೀಸರು, ಪತ್ರಕರ್ತರು ಬಂದು ನಗರದ ಲಾಡ್ಜು, ಹೋಟೆಲು, ಬಾಡಿಗೆ ಕಾರು ಎಲ್ಲ ತುಂಬಿರುತ್ತವೆ. ಕೊಲ್ಲಾಪುರ, ಗೋವಾ, ಬೆಂಗಳೂರಿನಿಂದ ನೆಂಟರು ಬರುವ ಮದುವೆಯಾದರೆ ಮುಹೂರ್ತ ಬರೆಸಿದ ವಾರದಲ್ಲೇ ಕೋಣೆಗಳನ್ನು ಹಿಡಿಯಿರಿ. ಮಂಗಲ ಕಾರ್ಯಾಲಯ ಸಿಕ್ಕಿತು ಎಂದು ನಿಶ್ಚಿಂತೆಯಾಗಿ ಕೂತವರು ಉಳಿಯುವ ಜಾಗಕ್ಕೆ ಪರದಾಡಿದ್ದನ್ನು ಕಂಡಿದ್ದೇನೆ.

ಬೇಸಗೆಯ ಮದುವೆಗೆ ಬೇರೆ ಚಿಂತೆ. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ, ಗುಡುಗು, ಆಣೆಕಲ್ಲಿನ ಅಡ್ಡಮಳೆ ಹೇಳದೆ ಬರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಕಾಡಂಚಿನ ಊರುಗಳಲ್ಲಿ ಗಿಡ ಬಿದ್ದು ಕರೆಂಟು ಹೋದರೆ ಬೇಗ ಬರುವ ಭರವಸೆ ಇಲ್ಲ. ಮನೆಯ ಮುಂದಿನ ಮದುವೆಗೆ ಬಟ್ಟೆಯ ಹಂದರದ ಬದಲು ತಗಡಿನ ಹಂದರ ಹೇಳಿ. ಜನರೇಟರನ್ನು ಮೊದಲ ದಿನವೇ ಲೆಕ್ಕದಲ್ಲಿ ಸೇರಿಸಿ.

ಊರೋ ನಗರವೋ ಎಂಬುದನ್ನೂ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿ.ಮೀ. ಊರಲ್ಲಿ ಜಾಗದ ಬಾಡಿಗೆ ಕಡಿಮೆ. ಆದರೆ ಹಂದರ, ಪಾತ್ರೆ, ಖುರ್ಚಿ, ಫೋಟೊದವರು ನಗರದಿಂದ ಬಂದರೆ ಸಾಗಣೆ ಖರ್ಚು ಬೇರೆ. ನಗರದಲ್ಲಿ ಎಲ್ಲ ಒಂದೇ ಸೂರಿನಡಿ ಸಿಗುತ್ತದೆ. ಆದರೆ ಊರ ಮಂದಿಯನ್ನು ಕರೆತರುವ ಬಸ್ಸು ನಿಮ್ಮ ತಲೆಗೆ ಬೀಳುತ್ತದೆ. ಎರಡನ್ನೂ ಒಂದೇ ಹಾಳೆಯ ಎಡಬಲಕ್ಕೆ ಬರೆದು ಕೂಡಿಸಿ ನೋಡಿ.

ಬಜೆಟ್ಟು: ಮೊದಲು ಮಂದಿ, ಆಮೇಲೆ ಮಂಟಪ

ಬಹಳ ಮನೆಗಳಲ್ಲಿ ಬಜೆಟ್ಟು ಆರಂಭವಾಗುವುದು ‘ಅವರ ಮನಿ ಮದುವಿ ಹೆಂಗ ಆಗಿತ್ತು’ ಎಂಬ ಮಾತಿನಿಂದ. ಅದನ್ನು ಬದಿಗಿಟ್ಟು, ಕೈಯಲ್ಲಿರುವ ಹಣವನ್ನು ಮೊದಲು ಬರೆಯಿರಿ. ಬರುವ ಆಯೇರಿಯನ್ನು ಆದಾಯವೆಂದು ಎಂದೂ ಹಿಡಿಯಬೇಡಿ. ಅದು ಮುಂದೆ ನೀವು ತೀರಿಸಬೇಕಾದ ಮುಯ್ಯಿ. ಒಟ್ಟು ಮೊತ್ತದಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದು ಬೇರೆ ಇಡಿ. ಅದನ್ನು ಮದುವೆಯ ದಿನದವರೆಗೆ ಮುಟ್ಟಬಾರದು.

ಉದಾಹರಣೆಗೆ ಕೈಯಲ್ಲಿ 6 ಲಕ್ಷ ರೂ. ಇದೆ ಎನ್ನೋಣ. 60 ಸಾವಿರ ಬದಿಗಿಟ್ಟರೆ ಖರ್ಚಿಗೆ ಉಳಿದದ್ದು 5 ಲಕ್ಷ 40 ಸಾವಿರ. ಊಟಕ್ಕೆ 600 ಮಂದಿ, ಒಂದು ಎಲೆಗೆ 180 ರೂ. ಎಂದುಕೊಂಡರೆ 1 ಲಕ್ಷ 8 ಸಾವಿರ. ಐದರಲ್ಲಿ ಒಂದರಷ್ಟು ಮಂದಿ ಹೆಚ್ಚಿಗೆ ಬಂದರೆ ಮತ್ತೆ 21,600 ರೂ. ಬೇಕು. ಬದಿಗಿಟ್ಟ ಹಣ ಕೆಲಸಕ್ಕೆ ಬರುವುದು ಇಲ್ಲಿ. ನಿಮ್ಮ ಊರಿನ ಇಂದಿನ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಮಂದಿಯ ಸಂಖ್ಯೆ ಬದಲಾದರೆ ಊಟದ ಜೊತೆಗೆ ಖುರ್ಚಿ, ನೀರು, ಬಸ್ಸು, ಕಾರ್ಯಾಲಯದ ಅಳತೆ ಎಲ್ಲವೂ ಬದಲಾಗುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಪತ್ರಿಕೆಯ ಸಂಖ್ಯೆಯಿಂದ ಮಂದಿಯ ಸಂಖ್ಯೆ ತಿಳಿಯುವುದಿಲ್ಲ. ನಗರದಲ್ಲಿ ಒಂದು ಪತ್ರಿಕೆಗೆ ಇಬ್ಬರು ಬರಬಹುದು. ಖಾನಾಪುರದ ಹಳ್ಳಿಯಲ್ಲಿ ‘ಮನಿಮಂದಿ ಕೂಡಿ ಬರ್ರಿ’ ಎಂದು ಕರೆದರೆ ಐದಾರು ಮಂದಿ ಬರುತ್ತಾರೆ, ಬರಬೇಕು ಕೂಡ. ಹಾಗಾಗಿ ಪ್ರತಿ ಹೆಸರಿನ ಮುಂದೆ ಎಷ್ಟು ಮಂದಿ ಎಂದು ಬರೆದುಕೊಂಡು ಕೂಡಿಸಿ.

ಖರ್ಚನ್ನು ಮೂರು ಭಾಗ ಮಾಡಿ. ತಾಳಿ, ಜವಳಿ, ಊಟ, ನೆರಳು, ನೀರು, ಬೆಳಕು ಬಿಡಲಾಗದವು. ಫೋಟೊ, ವಾಜಂತ್ರಿ, ವಾಹನ ಬೇಕಾದವು. ಎಲ್‌ಇಡಿ ಪರದೆ, ಡ್ರೋನು, ಮದುವೆಗೆ ಮೊದಲಿನ ಶೂಟಿಂಗು, ವೇದಿಕೆಯ ಹೊರನಾಡಿನ ಹೂವು ಇದ್ದರೆ ಚಂದ ಎನ್ನುವಂಥವು. ಹಣ ಕಡಿಮೆ ಬಿದ್ದರೆ ಕತ್ತರಿ ಹಾಕಬೇಕಾದ್ದು ಮೂರನೆಯ ಭಾಗಕ್ಕೆ. ಅದರ ಬದಲು ಸಾಲಕ್ಕೆ ಕೈ ಹಾಕಿದರೆ ಏನಾಗುತ್ತದೆ? 2 ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 6 ಸಾವಿರ, ವರ್ಷಕ್ಕೆ 72 ಸಾವಿರ ಬಡ್ಡಿಗೇ ಹೋಗುತ್ತದೆ. ಅಸಲು ಹಾಗೆಯೇ ನಿಂತಿರುತ್ತದೆ. ಇಷ್ಟಕ್ಕಿಂತ, ಯಾದಿ ಆದ ದಿನವೇ ಅಕ್ಕಿಕಾಳು ಹಾಕಿಬಿಡುವ ‘ಯಾದಿ ಮ್ಯಾಲ ಶಾದಿ’ ನಮ್ಮ ಹಿರಿಯರೇ ಹಾಕಿಕೊಟ್ಟ ಮರ್ಯಾದೆಯ ದಾರಿ. ಅದನ್ನು ಬಡವರ ಮದುವೆ ಎಂದು ಕೀಳಾಗಿ ಕಾಣುವುದನ್ನು ಬಿಡೋಣ.

ಕೆಲಸದವರನ್ನು ಪರೀಕ್ಷಿಸುವುದು ಹೇಗೆ

ಮೊಬೈಲಿನ ಚಿತ್ರ ನೋಡಿ ಯಾರನ್ನೂ ಒಪ್ಪಬೇಡಿ. ಆ ಚಿತ್ರ ಅವರು ಮಾಡಿದ ಕೆಲಸದ್ದೇ ಎನ್ನಲು ಸಾಕ್ಷಿ ಇಲ್ಲ. ‘ಮುಂದಿನ ವಾರ ನಿಮ್ಮ ಕೆಲಸ ಎಲ್ಲಿದೆ, ಬಂದು ನೋಡಬಹುದೇ?’ ಎಂದು ಕೇಳಿ. ಒಳ್ಳೆಯ ಕೆಲಸಗಾರ ಖುಷಿಯಿಂದ ಕರೆಯುತ್ತಾನೆ. ಕಳೆದ ವರ್ಷ ಮದುವೆ ಮಾಡಿದ ಎರಡು ಮನೆಗಳ ಜೊತೆ ಮಾತಾಡಿ. ‘ಚಂದ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಚಂದ ಆಯಿತು ಎನ್ನುತ್ತಾರೆ. ‘ಕೊನೆಯ ಬಿಲ್ಲು ಮೊದಲು ಹೇಳಿದ್ದಕ್ಕಿಂತ ಎಷ್ಟು ಹೆಚ್ಚು ಬಂತು? ಹೇಳಿದ ಹೊತ್ತಿಗೆ ಬಂದರಾ?’ ಎಂದು ಕೇಳಿ. ಉತ್ತರ ಅಲ್ಲಿದೆ.

ಅವರ ಅಂಗಡಿ ಅಥವಾ ಗೋದಾಮಿಗೆ ಒಮ್ಮೆ ಹೋಗಿ ಬನ್ನಿ. ಅದೇ ದಿನ ಬೇರೆ ಎಷ್ಟು ಕೆಲಸ ಹಿಡಿದಿದ್ದಾರೆ, ನಿಮ್ಮ ಮದುವೆಗೆ ಖುದ್ದಾಗಿ ಬರುವವರು ಯಾರು ಎಂದು ಕೇಳಿ ಆ ಹೆಸರನ್ನೇ ಬರೆಸಿ. ಒಬ್ಬರು ಮುಂಗಡ ಹಿಡಿದು ಇನ್ನೊಬ್ಬರನ್ನು ಕಳಿಸುವುದರಿಂದಲೇ ಅರ್ಧ ತಕರಾರು ಹುಟ್ಟುತ್ತವೆ.

ಮುಂಗಡಕ್ಕೆ ನಮ್ಮ ಕಡೆ ಸಂಚಕಾರ ಎನ್ನುತ್ತಾರೆ. ಆ ಮಾತಿಗೆ ಅಪಾಯ ಎಂಬ ಅರ್ಥವೂ ಕನ್ನಡದಲ್ಲಿದೆ. ಎರಡೂ ಅರ್ಥ ನೆನಪಿನಲ್ಲಿರಲಿ. ಹಿಡಿಯುವಾಗ ಕಾಲು ಭಾಗ, ಮದುವೆಗೆ ವಾರ ಇರುವಾಗ ಅರ್ಧ, ಕೆಲಸ ಮುಗಿದ ಮೇಲೆ ಉಳಿದದ್ದು ಎಂಬ ಕ್ರಮ ಇಬ್ಬರಿಗೂ ನ್ಯಾಯ. ‘ಇವತ್ತೇ ಪೂರ್ತಿ ಕೊಟ್ಟರೆ ಕಡಿಮೆ ಮಾಡ್ತೀನಿ’ ಎನ್ನುವವರಿಂದ ದೂರ ಇರಿ. ಹಣವನ್ನು ಅಂಗಡಿಯ ಹೆಸರಿನ ಖಾತೆಗೇ ಹಾಕಿ, ರಸೀದಿ ಪಡೆಯಿರಿ. ನಗದಿಗೆ ಮಿತಿ ಇದೆ: ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದೇ ಸಮಾರಂಭದ ಲೆಕ್ಕದಲ್ಲಿ ಒಬ್ಬರಿಂದ 2 ಲಕ್ಷ ರೂ. ಅಥವಾ ಹೆಚ್ಚು ನಗದನ್ನು ಯಾರೂ ಪಡೆಯುವಂತಿಲ್ಲ.

ಎರಡನೆಯ ಯಾದಿಯಲ್ಲಿ ಇಷ್ಟು ಇರಲಿ: ದಿನ, ಸ್ಥಳ, ಬರುವ ಹೊತ್ತು, ಕೊಡುವ ವಸ್ತುಗಳ ಎಣಿಕೆ, ದರ, ಅದರಲ್ಲಿ ಜಿಎಸ್‌ಟಿ ಮತ್ತು ಸಾಗಣೆ ಸೇರಿದೆಯೇ ಇಲ್ಲವೇ, ಕಂತುಗಳು, ಮದುವೆ ಮುಂದೆ ಹೋದರೆ ಅಥವಾ ನಿಂತರೆ ಮುಂಗಡದಲ್ಲಿ ಎಷ್ಟು ವಾಪಸು, ಒಡೆದ ಕಳೆದ ಸಾಮಾನಿನ ಬೆಲೆ, ಎರಡೂ ಕಡೆಯ ಸಹಿ. ಒಂದು ಹಾಳೆ ಸಾಕು.

ಒಬ್ಬೊಬ್ಬರ ಜೊತೆ ಏನು ಕೇಳಬೇಕು

ಮಂಗಲ ಕಾರ್ಯಾಲಯ. ಬಾಡಿಗೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂಬುದೇ ಮೊದಲ ಪ್ರಶ್ನೆ. ಹಿಂದಿನ ಸಂಜೆಯ ಅರಿಶಿಣ ಅದರಲ್ಲಿ ಸೇರಿದೆಯೇ? ಕರೆಂಟು, ನೀರಿನ ಟ್ಯಾಂಕರು, ಜನರೇಟರಿನ ಡೀಸೆಲ್, ಕಸ ಎತ್ತುವ ಕೂಲಿ ಬೇರೆಯೇ? ಹೊರಗಿನ ಅಡಿಗೆಯವರನ್ನು ಬಿಡುತ್ತಾರೆಯೇ? ಬಾಡಿಗೆಗೆ ಶೇ. 18 ಜಿಎಸ್‌ಟಿ ಇರುವುದರಿಂದ ಹೇಳಿದ ದರ ಅದನ್ನು ಸೇರಿಸಿದ್ದೋ ಅಲ್ಲವೋ ಎಂದು ಕೇಳಲೇಬೇಕು. ವಧುವರರ ವಯಸ್ಸಿನ ದಾಖಲೆ ಕೇಳುವ ಕಾರ್ಯಾಲಯದ ಮೇಲೆ ಸಿಟ್ಟಾಗಬೇಡಿ. ಕಾನೂನು ಪಾಲಿಸುವವರು ಎಂಬುದಕ್ಕೆ ಅದೇ ಗುರುತು.

ಅಡಿಗೆ. ಎರಡು ದಾರಿ ಇವೆ. ಕೂಲಿಗೆ ಅಡಿಗೆಯವರನ್ನು ಹಿಡಿದು ಕಿರಾಣಿ ನೀವೇ ತರುವುದು ಒಂದು. ಎಲೆಯ ಲೆಕ್ಕಕ್ಕೆ ಪೂರ್ತಿ ಒಪ್ಪಿಸುವುದು ಇನ್ನೊಂದು. ಮೊದಲನೆಯದರಲ್ಲಿ ಅಡಿಗೆಯವರು ಬರೆದುಕೊಟ್ಟ ಸಾಮಾನಿನ ಯಾದಿ ಹಿಡಿದು ಬೆಳಗಾವಿಯ ರವಿವಾರ ಪೇಟೆಯ ಎರಡು ಮೂರು ಸಗಟು ಅಂಗಡಿಗಳಲ್ಲಿ ದರ ಕೇಳಿ. ‘ಒಡೆಯದ ಚೀಲ, ಡಬ್ಬಿ ಉಳಿದರೆ ವಾಪಸು ತಗೋತೀರಾ?’ ಎಂದು ಅಲ್ಲೇ ಮಾತಾಡಿ. ಉಗ್ರಾಣದ ಕೀಲಿ ಮನೆಯ ಒಬ್ಬ ಗಟ್ಟಿ ಹೆಣ್ಣುಮಗಳ ಕೈಯಲ್ಲಿರಲಿ. ಎರಡನೆಯದರಲ್ಲಿ ಎಣಿಕೆಯೇ ಮುಖ್ಯ. ಎಲೆ ಅಥವಾ ತಾಟು ತಂದಾಗ ಎಷ್ಟು, ಉಳಿದದ್ದೆಷ್ಟು ಎಂದು ಎರಡೂ ಕಡೆಯ ಒಬ್ಬೊಬ್ಬರು ನಿಂತು ಎಣಿಸಿ ಸಹಿ ಹಾಕಬೇಕು. ಕಾರ್ಯಾಲಯದ ಸಿಬ್ಬಂದಿ, ಬ್ಯಾಂಡಿನವರು, ಡ್ರೈವರುಗಳ ಊಟ ಲೆಕ್ಕಕ್ಕೆ ಬರುತ್ತದೆಯೇ ಎಂಬುದೂ ಮೊದಲೇ ಬರೆದಿರಲಿ.

ಅಡಿಗೆಯವರಿಂದ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆ ಕೇಳಿ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರು ಕೇಟರಿಂಗ್ ಕೆಲಸಕ್ಕೆ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರು ಅವರೇ ತರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ರೊಟ್ಟಿ ಮಾಡುವ ಮಹಿಳಾ ಸಂಘಗಳಿಗೆ ಹೇಳಿದರೆ ರುಚಿಯೂ ಚೆನ್ನ, ಹಣವೂ ನಾಲ್ಕು ಮನೆಗೆ ಹೋಗುತ್ತದೆ. ಮಂಡಿಗೆ ಬೇಕೆನ್ನುವವರು ಅದನ್ನು ಮಾಡಬಲ್ಲ ಕೈಗಳಿಗೆ ಎಣಿಕೆ ಹೇಳಿ ಮೊದಲೇ ತಿಳಿಸಬೇಕು. ಕುಂದಾ ಹಾಲಿನ ಸಿಹಿ, ಮಾಡಿದ ದಿನ ನೋಡಿ ತನ್ನಿ. ಪ್ಲಾಸ್ಟಿಕ್ ತಾಟು, ಲೋಟ, ಚಮಚ ಮತ್ತು ಥರ್ಮಾಕೋಲ್ ಅಲಂಕಾರ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಗೂ ಇದೇ ನಿಯಮ. ಪತ್ರಾವಳಿ ನಮ್ಮದೇ, ಅದನ್ನು ಹಾಕೋಣ.

ಹಂದರ, ದೀಪ, ಸದ್ದು. ವಿದ್ಯುತ್ ಕಂಬದಿಂದ ತಂತಿ ಕೊಕ್ಕೆ ಹಾಕುವ ಹಂದರದವರನ್ನು ಒಪ್ಪಲೇಬೇಡಿ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಮಳೆಯಲ್ಲಿ ನೆನೆದ ತಗಡಿನ ಹಂದರಕ್ಕೆ ಕರೆಂಟು ಹರಿದರೆ ಮದುವೆಮನೆ ಸೂತಕದ ಮನೆಯಾಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಡಿಜೆಗೆ ಸುರಿಯುವ ಹಣದಲ್ಲಿ ಸನಾದಿ, ಹಲಗಿ, ಕರಡಿ ಮಜಲಿನವರನ್ನು ಕರೆಸಬಹುದು.

ಬಂಗಾರ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಗುರುತು ಕಡ್ಡಾಯ. ಒಡವೆಯ ಮೇಲೆ ಬಿಐಎಸ್ ಮುದ್ರೆ, ಶುದ್ಧತೆ, ಎಚ್‌ಯುಐಡಿ ಮೂರೂ ಇರಬೇಕು. 22 ಕ್ಯಾರೆಟ್ಟಿಗೆ 22ಕೆ916 ಎಂದಿರುತ್ತದೆ. ಅಂಗಡಿಯಲ್ಲಿ ಕೂತಿರುವಾಗಲೇ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು, ಗುರುತು ಹಾಕಿಸಿದ ಅಂಗಡಿ ಯಾವುದು ಎಂದು ತೋರಿಸುತ್ತದೆ. ಬಿಲ್ಲಿನಲ್ಲಿ ನಿವ್ವಳ ತೂಕ, ಆ ದಿನದ ದರ, ಮಜೂರಿ, ಶೇ. 3 ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿರಲಿ. ಮಂಗಳಸೂತ್ರದ ಕರಿಮಣಿ, ಹರಳಿನ ತೂಕ ಬಂಗಾರದಲ್ಲಿ ಸೇರಬಾರದು. ಕೇಳದೆ ಪ್ರೀತಿಯಿಂದ ಕೊಡುವ ಬಂಗಾರವನ್ನು ಯಾದಿಯಲ್ಲಿ ‘ತೊಲೆ’ ಎಂದು ಬರೆದರೆ ಅದು ಎಷ್ಟು ಗ್ರಾಂ ಎಂದೂ ಬರೆಯಿರಿ. ಹಳೆಯ ತೊಲೆ 11.66 ಗ್ರಾಂ, ಇಂದಿನ ಪೇಟೆಯ ತೊಲೆ 10 ಗ್ರಾಂ. ಈ 1.66 ಗ್ರಾಮಿಗಾಗಿ ಬೀಗರ ನಡುವೆ ಮನಸ್ತಾಪ ಬೇಡ.

ಜವಳಿ. ಬೆಳಗಾವಿಯ ಖಡೇಬಜಾರ, ಗಣಪತಗಲ್ಲಿ, ಮಾರುತಿಗಲ್ಲಿಗೆ ಹೋಗುವ ಮುನ್ನ ಯಾರಿಗೆ ಯಾವ ದರದ ಸೀರೆ ಎಂಬುದನ್ನು ಮನೆಯಲ್ಲೇ ಬರೆದುಕೊಳ್ಳಿ. ಅಂಗಡಿಯಲ್ಲಿ ಕೂತ ಮೇಲೆ ಕೈ ತಡೆಯುವುದು ಕಷ್ಟ. ಅಪ್ಪಟ ರೇಷ್ಮೆ ಎಂದು ಹೇಳಿದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಬೀಗರಿಗೆ, ನೆಂಟರಿಗೆ ಉಡಿಸುವ ಸೀರೆಗಳಿಗೆ ಶಹಾಪುರ, ವಡಗಾವಿ, ಖಾಸಬಾಗಿನ ನೇಕಾರರ ಬಳಿ ಒಮ್ಮೆ ಹೋಗಿ ಕೇಳಿ. ನಮ್ಮ ಊರಿನ ಮಗ್ಗದ ಸೀರೆ ನಮ್ಮ ಮದುವೆಯಲ್ಲಿ ಇರದಿದ್ದರೆ ಇನ್ನೆಲ್ಲಿ ಇರಬೇಕು?

ಫೋಟೊ. ಎಷ್ಟು ಹಾಳೆಯ ಆಲ್ಬಮ್ಮು, ಎಷ್ಟು ದಿನದಲ್ಲಿ ಕೈಗೆ, ಮೂಲ ಚಿತ್ರಗಳೆಲ್ಲ ನಮಗೆ ಸಿಗುತ್ತವೆಯೇ ಎಂದು ಬರೆಸಿ. ಕೊನೆಯ ಕಂತು ಆಲ್ಬಮ್ಮು ಕೈಗೆ ಬಂದ ದಿನ.

ವಾಹನ. ಟ್ರ್ಯಾಕ್ಟರ್ ಟ್ರೇಲರು, ಸರಕಿನ ಟೆಂಪೊದಲ್ಲಿ ದಿಬ್ಬಣದ ಮಂದಿಯನ್ನು ತುಂಬಬೇಡಿ. ಅದು ಕಾನೂನಿಗೆ ವಿರುದ್ಧ, ಅನಾಹುತವಾದರೆ ವಿಮೆಯ ಪರಿಹಾರಕ್ಕೂ ತೊಡಕು. ವಾಯವ್ಯ ಸಾರಿಗೆಯ ಬಸ್ಸುಗಳು ಮದುವೆಗೆ ಒಪ್ಪಂದದ ಮೇಲೆ ಸಿಗುತ್ತವೆ. ಡಿಪೊದಲ್ಲಿ ಕನಿಷ್ಠ ಕಿಲೋಮೀಟರು ಮತ್ತು ಕಾಯುವ ಹೊತ್ತಿನ ದರ ಕೇಳಿಕೊಳ್ಳಿ.

ಐರಣಿ. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇಲ್ಲೇ. ಸುರಗಿ ಸುತ್ತುವ ಶಾಸ್ತ್ರಕ್ಕೆ ಬೇಕಾದ ಐರಣಿಯ ಮಣ್ಣಿನ ಗಡಿಗೆಯನ್ನು ಅಂಗಡಿಯ ಬಣ್ಣದ ಸ್ಟೀಲು ಕೊಡಗಳಿಂದ ತೀರಿಸಬೇಡಿ. ಮೊದಲೇ ಹೇಳಿಟ್ಟು, ಹೆಣ್ಣುಮಕ್ಕಳು ಕೂಡಿ ಕುಂಬಾರರ ಮನೆಗೆ ಹೋಗಿ ಮರ್ಯಾದೆಯಿಂದ ತನ್ನಿ. ಇಡೀ ಬಜೆಟ್ಟಿನಲ್ಲಿ ಅತಿ ಚಿಕ್ಕ ಸಾಲು ಇದು. ಇಲ್ಲಿ ಚೌಕಾಸಿ ಬೇಡ.

ಮಾತು ತಪ್ಪಿದರೆ

ಮೊದಲು ಚೀಟಿ ತೋರಿಸಿ ಮಾತಾಡಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೆಲಸದವರು ಬೇರೆ ಜಿಲ್ಲೆಯವರಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಆಯೋಗದ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಆ ಒಂದು ಹಾಳೆಯ ಯಾದಿ, ರಸೀದಿ ಮತ್ತು ಚಿತ್ರಗಳು.

ಮೊದಲ ಯಾದಿಯ ಬಗ್ಗೆಯೂ ಒಂದು ಮಾತು

ಬೀಗರ ನಡುವಿನ ಯಾದಿಯಲ್ಲಿ ಇಂತಿಷ್ಟು ಬಂಗಾರ, ಇಂಥ ಗಾಡಿ ಎಂದು ಕೇಳಿ ಬರೆಸಿದರೆ ಅದು ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಅದನ್ನು ಕೊಟ್ಟರೂ ಪಡೆದರೂ ಕನಿಷ್ಠ ಐದು ವರ್ಷ ಸೆರೆವಾಸವಿದೆ. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ 1985ರ ನಿಯಮದಂತೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದವುಗಳ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನಂಟು ಬರೆದು ಇಬ್ಬರೂ ಸಹಿ ಹಾಕಬೇಕು. ಕಾನೂನು ಕೂಡ ನಮ್ಮಿಂದ ಒಂದು ಯಾದಿಯನ್ನು ಕೇಳುತ್ತಿದೆ. ಮಗಳ ಪಾಲಿಗೆ ಅದು ಜೀವನಪೂರ್ತಿ ರಕ್ಷಣೆ.

ಕೊನೆಯದಾಗಿ, ನಂಬಿಕೆ ಒಂದೇ ಕಡೆಯಿಂದ ನಡೆಯುವುದಿಲ್ಲ. ಕೆಲಸದವರು ಮೋಸ ಮಾಡಿದ ಕಥೆ ನಮ್ಮ ಬಾಯಲ್ಲಿ ನೂರಿವೆ. ಮದುವೆ ಮುಗಿದ ಮೇಲೆ ವಾಜಂತ್ರಿಯವರನ್ನು, ಪಾತ್ರೆ ತೊಳೆದ ಹೆಂಗಸರನ್ನು ‘ನಾಳೆ ಬಾ, ನಾಡಿದ್ದು ಬಾ’ ಎಂದು ತಿಂಗಳುಗಟ್ಟಲೆ ತಿರುಗಿಸಿದ ಮನೆಗಳೂ ಕಡಿಮೆಯಿಲ್ಲ. ಹಿಂದೆ ಕಣದಲ್ಲಿ ರಾಶಿ ಮನೆಗೆ ಹೊರಡುವ ಮೊದಲೇ ಆಯ ಅಳೆದು ಕೊಡುತ್ತಿದ್ದರು. ಅದೇ ಕ್ರಮ ನಮ್ಮದೂ ಆಗಲಿ. ಒಪ್ಪಿದ ಕೆಲಸ ಒಪ್ಪಿದಂತೆ ಮಾಡಿದವರ ಉಳಿದ ಹಣವನ್ನು ಹೆಸರು ಬರೆದ ಪಾಕೀಟುಗಳಲ್ಲಿ ಮೊದಲೇ ಎಣಿಸಿಟ್ಟು, ಹಂದರ ಬಿಚ್ಚುವ ಮುನ್ನ ಅವರ ಕೈಗೆ ಕೊಟ್ಟು, ಊಟ ಮಾಡಿಸಿ ಕಳಿಸಿ.